ಕೆರೆ, ಬಾವಿ, ಕೊಳವೆಬಾವಿ: ನಮ್ಮ ಅಂತರ್ಜಲದ ಚರಿತ್ರೆ

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಮಳೆಯನ್ನೇ ನಂಬಿದ ಹೊಳೆಗಳು. ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಇಂಥ ಸೀಮೆಯಲ್ಲಿ ನಮ್ಮ ಹಿರಿಯರು ಭತ್ತ, ರಾಗಿ, ತರಕಾರಿ ಬೆಳೆದು ಬದುಕಿದ್ದು ಹೇಗೆ? ಕೆರೆಗಳಿಂದ ಎಂದು ಸಮಾಜವಿಜ್ಞಾನದ ಪರೀಕ್ಷೆಯಲ್ಲಿ ನಾವೆಲ್ಲ ಬರೆದಿದ್ದೇವೆ. ಆ ಉತ್ತರ ಅರ್ಧ ಮಾತ್ರ ಸರಿ. ಇನ್ನರ್ಧ ನೆಲದ ಕೆಳಗಿದೆ.

ಈ ಸೀಮೆಯ ಅಡಿಯಲ್ಲಿರುವುದು ಗಟ್ಟಿ ಕಲ್ಲು. ಮೇಲಿನ ಕೆಲವು ಹತ್ತು ಅಡಿಗಳಲ್ಲಿ ಆ ಕಲ್ಲು ಕಾಲಾಂತರದಲ್ಲಿ ಶಿಥಿಲವಾಗಿ ಮಣ್ಣು, ಮೊರಂಪಾಗಿದೆ. ಈ ಪದರ ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಅದರ ಕೆಳಗೆ ನೀರಿರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ, ಅದೂ ಸ್ವಲ್ಪ. ತೆರೆದ ಬಾವಿಗಳು ಬಳಸುತ್ತಿದ್ದುದು ಮೇಲಿನ ಪದರದ ನೀರನ್ನು. ಅದನ್ನು ವರ್ಷವರ್ಷವೂ ತುಂಬಿಸುತ್ತಿದ್ದವುಗಳಲ್ಲಿ ಕೆರೆಗಳೇ ಮುಖ್ಯ. ಕೆರೆಯಲ್ಲಿ ನಿಂತ ಮಳೆನೀರು ಒಂದಷ್ಟು ತೂಬಿನಿಂದ ಗದ್ದೆಗೆ ಹೋದರೆ, ಒಂದಷ್ಟು ತಳದಿಂದ ಇಂಗಿ ಅಚ್ಚುಕಟ್ಟಿನ ಬಾವಿಗಳಿಗೆ ಸೇರುತ್ತಿತ್ತು. ಕೆರೆ ಬತ್ತಿದ ಮೇಲೂ ಕಪಿಲೆ ಹೂಡಿ ಬಾವಿಯಿಂದ ನೀರೆತ್ತಲು ಸಾಧ್ಯವಾಗುತ್ತಿದ್ದುದು ಇದರಿಂದಲೇ.

ಈ ವ್ಯವಸ್ಥೆಯ ಹಳಮೆಗೆ ಶಾಸನಗಳೇ ಸಾಕ್ಷಿ. ಕೆರೆಯ ದುರಸ್ತಿಗಾಗಿ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ, ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಆಗಬಾರದ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. 1,000 ಆಳುಗಳು ಎರಡು ವರ್ಷ ದುಡಿದರೆಂದೂ ಹೇಳುತ್ತದೆ. ಐದು ಶತಮಾನಗಳ ನಂತರ, 1866ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದರು. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುವಂತೆ ಅವನ್ನು ಸರಪಳಿಯಾಗಿ ಕಟ್ಟಿದ್ದರು.

ಕೆರೆ ಉಳಿಯಲು ದುಡಿಮೆ ಬೇಕಿತ್ತು. ಬೇಸಿಗೆಯಲ್ಲಿ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಹೂಳು ತೆಗೆದ ಕೆರೆಯ ತಳದಲ್ಲಿ ನೀರೂ ಇಂಗುತ್ತಿತ್ತು. ತೂಬು ತೆಗೆದು ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ನೀರುಗಂಟಿಯ ಕೆಲಸ. ಆದರೆ ಆ ಕಾಲವನ್ನು ಬಂಗಾರದ ಕಾಲವೆಂದು ಹೊಗಳುವುದು ತಪ್ಪಾಗುತ್ತದೆ. ಇಡೀ ಊರಿಗೆ ನೀರು ಹಂಚುತ್ತಿದ್ದ ನೀರುಗಂಟಿ ಎಷ್ಟೋ ಊರುಗಳಲ್ಲಿ ದಲಿತ. ಅವನ ಮನೆಯವರು ಮೇಲ್ಜಾತಿಯವರ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲ.

ಆದ್ದರಿಂದಲೇ ಕೊಳವೆಬಾವಿ ಬಂದದ್ದು ಹಲವರಿಗೆ ಬಿಡುಗಡೆಯಂತಿತ್ತು. 1966-67ರ ಬರಗಾಲದ ಹೊತ್ತಿನಲ್ಲಿ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಯೂನಿಸೆಫ್ ನೆರವಿನಿಂದ ಭಾರತಕ್ಕೆ ಬಂದವು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪು ತಯಾರಾಯಿತು. ದಲಿತರ ಕೇರಿಗಳಿಗೂ ಶುದ್ಧ ನೀರು ಬಂತು. ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ರೋಗದಿಂದ ಭಾರತ ಮುಕ್ತವಾಗಿದೆ ಎಂದು 2000ದಲ್ಲಿ ಘೋಷಣೆಯಾಯಿತು. ಅದರಲ್ಲಿ ಈ ಕೈಪಂಪುಗಳ ಪಾಲೂ ಇದೆ.

ತೊಂದರೆ ಶುರುವಾದದ್ದು ಕುಡಿಯುವ ನೀರಿನ ಈ ಸಾಧನ ಬೇಸಾಯದ ಸಾಧನವಾದಾಗ. ಸಬ್‌ಮರ್ಸಿಬಲ್ ಪಂಪು, 10 ಅಶ್ವಶಕ್ತಿಯವರೆಗೆ ಉಚಿತ ವಿದ್ಯುತ್, ಹತ್ತಿರದ ಬೆಂಗಳೂರಿನ ತರಕಾರಿ ಮಾರುಕಟ್ಟೆ, ಮೂರೂ ಸೇರಿಕೊಂಡವು. ನೀರು ತನ್ನ ಹೊಲದಲ್ಲೇ ಸಿಗುವಾಗ ಕೆರೆಯ ಕಡೆ ನೋಡುವವರಾರು? ರಾಜಕಾಲುವೆಗಳು ಒತ್ತುವರಿಯಾದವು, ಹೂಳು ತುಂಬಿತು, ಬಯಲುಗಳಲ್ಲಿ ನೀಲಗಿರಿ ಬಂತು. ಎತ್ತುವ ಕೈಗಳು ಹೆಚ್ಚಾದವು, ತುಂಬಿಸುವ ಕೆಲಸ ಯಾರದೂ ಅಲ್ಲದಾಯಿತು. ಮೊದಲು ತೆರೆದ ಬಾವಿಗಳು ಬತ್ತಿದವು. ಆಮೇಲೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆಳದ ನೀರಿನ ಜೊತೆ ಫ್ಲೋರೈಡೂ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಹಿರಿಯರ ಮೂಳೆ ಬಿಗಿಯುತ್ತದೆ.

ತಿದ್ದಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. 2011ರಲ್ಲಿ ರಾಜ್ಯದ ಅಂತರ್ಜಲ ಕಾಯಿದೆ ಬಂತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ವಾದ ನ್ಯಾಯಾಲಯದವರೆಗೂ ಹೋಯಿತು. ಆ ಯೋಜನೆಯ ಹಿಂದಿನ ತತ್ವ ಮಾತ್ರ ಹಳೆಯದೇ: ಕೆರೆ ತುಂಬಿದರೆ ಬಾವಿ ತುಂಬುತ್ತದೆ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು ಈಗ ಬೆಂಗಳೂರಿನಲ್ಲಿ ಇಂಗುಬಾವಿಗಳನ್ನು ತೋಡುತ್ತಿದ್ದಾರೆ. ಸಿಮೆಂಟ್ ಬಳೆಗಳನ್ನು ಇಳಿಸಿ, ತಳವನ್ನು ಮುಚ್ಚದೆ ಬಿಟ್ಟ ಬಾವಿಗಳವು. ನೀರೆತ್ತುವ ವಿದ್ಯೆ ತಿಳಿದವರೇ ನೀರಿಳಿಸುವ ಕೆಲಸಕ್ಕೂ ಬೇಕಾದರು.

ನಮ್ಮ ಶಾಲೆ ನಡೆದು ಬಂದ ಐವತ್ತು ವರ್ಷಗಳು ಹೆಚ್ಚುಕಡಿಮೆ ಕೊಳವೆಬಾವಿಯ ಐವತ್ತು ವರ್ಷಗಳೂ ಹೌದು. ಹಾಗಾಗಿ ಈ ಸಂದರ್ಭದಲ್ಲಿ ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಛಾವಣಿಯ 100 ಚದರ ಮೀಟರನ್ನಷ್ಟೇ ಹಿಡಿದರೂ 700 ಮಿಲಿಮೀಟರಿಗೆ 70,000 ಲೀಟರ್. ಐದನೇ ಒಂದು ಭಾಗ ನಷ್ಟವೆಂದರೂ 56,000 ಲೀಟರ್ ಉಳಿಯುತ್ತದೆ. 5,000 ಲೀಟರಿನ ಟ್ಯಾಂಕರಿನಲ್ಲಿ ಹನ್ನೊಂದು ಸಲ ತಂದಷ್ಟು. ಮೊದಲ ಮಳೆಯ ಕೊಳಕು ನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಜಲ್ಲಿ, ಮರಳಿನ ಮೂಲಕ ಸೋಸಿ ಇಂಗುಬಾವಿಗೆ ಬಿಡಬೇಕು. ಸೋಸದ ನೀರನ್ನು ನೇರವಾಗಿ ಕೊಳವೆಬಾವಿಗೆ ಇಳಿಸಬಾರದು. ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದು ಬಹಳ ಕಷ್ಟ.

ಹಳೆಯ ವಿದ್ಯಾರ್ಥಿಗಳಾದ ನಾವು ಸೇರಿ ಇದನ್ನು ಮಾಡಿಸಿಕೊಡಬಹುದು. ವಿದ್ಯಾರ್ಥಿಗಳು ಮಾಡಬಹುದಾದದ್ದು ಇದಕ್ಕಿಂತ ದೊಡ್ಡದು. ಊರಿನಲ್ಲಿ ಉಳಿದಿರುವ ತೆರೆದ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ, ಹಿರಿಯರ ಜೊತೆಯಲ್ಲಿ ಹಗ್ಗ ಇಳಿಸಿ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಲಿ. ಈ ಸೀಮೆಯ ನೀರಿನ ಬಗ್ಗೆ ಶಾಲೆಯ ಶತಮಾನೋತ್ಸವದ ಸಂಚಿಕೆಗೆ ಬರೆಯುವವರಿಗೆ ಆ ಪುಸ್ತಕ ಸಿಗಲಿ.