ಕಿಡಿ ಹಾರದ ಬೆಸುಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದೊಡನೆ ನೆನಪಾಗುವುದು ಸುಣ್ಣದ ಕಲ್ಲು, ಫರಸಿ ಮತ್ತು ಸಿಮೆಂಟ್. ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿದ ಶಹಾಬಾದ್ ಸಿಮೆಂಟ್ ಕಂಪೆನಿಯು 1936ರಲ್ಲಿ ಎಸಿಸಿ ಸಂಸ್ಥೆ ರೂಪುಗೊಂಡಾಗ ಅದರಲ್ಲಿ ವಿಲೀನವಾಯಿತು. 1968ರಲ್ಲಿ ವಾಡಿ ಕಾರ್ಖಾನೆ ಆರಂಭವಾಯಿತು. ಮುಂದೆ ಮಳಖೇಡ, ಸೇಡಂ, ಛತ್ರಸಾಲಗಳಲ್ಲೂ ಚಿಮಣಿಗಳು ಎದ್ದವು.

ಈ ಕಲ್ಲನ್ನು ಸಿಮೆಂಟ್ ಮಾಡುವ ಯಂತ್ರಗಳೆಲ್ಲ ಉಕ್ಕಿನವು. ಸದಾ ತಿರುಗುವ ಗೂಡು, ಅಂದರೆ ಕಿಲ್ನ್, ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಉದ್ದನೆಯ ಕೊಳವೆ. ಕಲ್ಲು ಅರೆಯುವ ರೋಲರುಗಳು ಸವೆದರೆ ಅವುಗಳ ಮೇಲೆ ಹೊಸ ಲೋಹದ ಪದರ ಕೂರಿಸಬೇಕು. ದುರಸ್ತಿಗೆಂದು ಕಿಲ್ನ್ ನಿಲ್ಲಿಸಿದ ದಿನಗಳಲ್ಲಿ ಪ್ರತಿ ಗಂಟೆಗೂ ಬೆಲೆ. ಆಗ ಎಲ್ಲರೂ ಎದುರು ನೋಡುವುದು ವೆಲ್ಡರನನ್ನು.

ಬೆಸುಗೆ ಹೊಸ ವಿದ್ಯೆಯೇನಲ್ಲ. ಹಳ್ಳಿಯ ಕಮ್ಮಾರ ಎರಡು ಕಬ್ಬಿಣದ ತುಂಡುಗಳನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಒಂದಾಗಿಸುತ್ತಿದ್ದ. ತಿದಿ ಒತ್ತುತ್ತ ಕುಳಿತ ಮಗ ಅದನ್ನು ನೋಡಿಯೇ ಕಲಿಯುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಷ್ಯದ ನಿಕೊಲಾಯ್ ಬೆನಾರ್ಡೊಸ್ ವಿದ್ಯುತ್ ಕಿಡಿಯಿಂದ ಲೋಹ ಬೆಸೆಯುವ ವಿಧಾನವನ್ನು ತೋರಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಆಸ್ಕರ್ ಚೆಲ್‌ಬೆರಿ ಲೇಪನವಿರುವ ರಾಡನ್ನು ರೂಪಿಸಿದ. ಅಲ್ಲಿಂದ ಬೆಸುಗೆ ಕುಲುಮೆಯನ್ನು ಬಿಟ್ಟು ಕಾರ್ಖಾನೆ ಸೇರಿತು.

ಆದರೆ ಇದರೊಂದಿಗೆ ಕಲಿಕೆ ಕಠಿಣವಾಯಿತು. ವಿದ್ಯುತ್ ಜ್ವಾಲೆಯನ್ನು ಬರಿಗಣ್ಣಿನಿಂದ ನೋಡುವಂತಿಲ್ಲ. ನೋಡಿದರೆ ಅದರ ಅತಿನೇರಳೆ ಕಿರಣಗಳಿಂದ ಕಣ್ಣಲ್ಲಿ ಮರಳು ಬಿದ್ದಂತೆ ರಾತ್ರಿಯಿಡೀ ಉರಿ. ಕಪ್ಪು ಗಾಜಿನ ಹಿಂದೆ ಶಿಷ್ಯನಿಗೆ ಕಾಣುವುದು ಸಣ್ಣದೊಂದು ಬೆಳಕಿನ ಚುಕ್ಕೆ ಮಾತ್ರ. ಅವನ ಕೈ ಎಲ್ಲಿ ತಪ್ಪಿತೆಂಬುದು ಪಕ್ಕದಲ್ಲಿ ನಿಂತ ಗುರುವಿಗೂ ಆ ಕ್ಷಣದಲ್ಲಿ ಸರಿಯಾಗಿ ತಿಳಿಯದು. ತಪ್ಪಾದರೆ ತಗಡು, ರಾಡು, ವಿದ್ಯುತ್ತು ಎಲ್ಲವೂ ದಂಡ. ಹೀಗಾಗಿ ಅಭ್ಯಾಸಕ್ಕೆ ಸಿಗುವ ಸಾಮಗ್ರಿ ಸದಾ ಕಡಿಮೆ.

ಈ ತೊಡಕಿಗೆ ಪರಿಹಾರ ಹೊಳೆದದ್ದು ವಿಮಾನ ವಿದ್ಯೆಯಿಂದ. ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ 1929ರ ಹೊತ್ತಿಗೆ ನಿರ್ಮಿಸಿದ್ದ. 1990ರ ದಶಕದ ಆರಂಭದಲ್ಲಿ ಬೋಯಿಂಗ್ ಕಂಪೆನಿಯ ಟಾಮ್ ಕಾಡೆಲ್, ವಿಮಾನದ ತಂತಿ ಜೋಡಿಸುವವರ ಕಣ್ಣೆದುರಿಗೇ ನಕ್ಷೆ ತೋರಿಸುವ ಉಪಾಯಕ್ಕೆ ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರಿಟ್ಟ. ಕಣ್ಣಿಗೆ ಕಾಣುವ ನಿಜದ ಮೇಲೆ ಕಂಪ್ಯೂಟರ್ ಚಿತ್ರವನ್ನು ಕೂರಿಸುವ ತಂತ್ರವಿದು. ಇವೆರಡೂ ಸೇರಿ ಬೆಸುಗೆಯ ಸಿಮ್ಯುಲೇಟರ್ ಆಯಿತು. ಸ್ಪೇನಿನ ಸೀಬೆರಿ ಕಂಪೆನಿಯ ‘ಸೋಲ್ಡಮ್ಯಾಟಿಕ್’ ಈ ಬಗೆಯ ಹೆಸರಾಂತ ಯಂತ್ರ. ಚೆನ್ನೈನಲ್ಲಿ ಐಐಟಿ ಮದ್ರಾಸಿನ ಆಶ್ರಯದಲ್ಲಿ ಬೆಳೆದ ‘ಸ್ಕಿಲ್‌ವೆರಿ’ ಕೂಡ ವೆಲ್ಡಿಂಗ್ ಸಿಮ್ಯುಲೇಟರುಗಳನ್ನು ತಯಾರಿಸಿದೆ.

ಇದು ಕೆಲಸ ಮಾಡುವ ರೀತಿ ಸರಳ. ಶಿಷ್ಯ ತೊಡುವ ಮುಖಗವಸಿನಲ್ಲಿ ಕ್ಯಾಮೆರಾ ಮತ್ತು ಪುಟ್ಟ ಪರದೆಗಳಿರುತ್ತವೆ. ಕೈಯಲ್ಲಿನ ಟಾರ್ಚ್ ಮತ್ತು ಎದುರಿನ ಪ್ಲಾಸ್ಟಿಕ್ ತುಂಡಿನ ಮೇಲೆ ಗುರುತುಗಳಿರುತ್ತವೆ. ಅವುಗಳನ್ನು ನೋಡಿ ಕಂಪ್ಯೂಟರ್ ಕೈಯ ಕೋನ, ಅಂತರ, ವೇಗಗಳನ್ನು ಲೆಕ್ಕ ಹಾಕುತ್ತದೆ. ಪರದೆಯಲ್ಲಿ ಜ್ವಾಲೆ ಉರಿಯುತ್ತದೆ, ಕರಗಿದ ಲೋಹ ಹರಿಯುತ್ತದೆ, ಚರಚರ ಸದ್ದೂ ಕೇಳುತ್ತದೆ. ಹೊಗೆಯಿಲ್ಲ, ಸುಡುವುದಿಲ್ಲ. ಕೈ ನಡುಗಿದ್ದು ಎಲ್ಲಿ, ವೇಗ ಹೆಚ್ಚಿದ್ದು ಎಲ್ಲಿ ಎಂಬುದನ್ನು ಗುರು ಶಿಷ್ಯರಿಬ್ಬರೂ ಕೂಡಿ ನೋಡಬಹುದು. ಅದೇ ಕೆಲಸವನ್ನು ನೂರು ಸಲ ಮಾಡಿದರೂ ಒಂದು ರಾಡೂ ಖರ್ಚಾಗದು.

ಹಾಗೆಂದು ಯಂತ್ರವೊಂದೇ ವೆಲ್ಡರನನ್ನು ರೂಪಿಸಲಾರದು. ಬೇಸಿಗೆಯ ಬಿಸಿಲಲ್ಲಿ ಎತ್ತರದ ಅಟ್ಟಣೆಯ ಮೇಲೆ ಕುಳಿತು, ತಲೆಯ ಮೇಲಿನ ಸಂದಿಗೆ ಬೆಸುಗೆ ಹಾಕುವಾಗಿನ ಕಾವು, ಕಿಡಿ, ಕುತ್ತಿಗೆ ನೋವುಗಳನ್ನು ಅದು ಕಲಿಸುವುದಿಲ್ಲ. ಬಾಯ್ಲರ್ ಕೆಲಸಕ್ಕಂತೂ 1950ರ ಭಾರತೀಯ ಬಾಯ್ಲರ್ ನಿಯಮಗಳ ಪ್ರಕಾರ ಪರೀಕ್ಷೆ ಪಾಸಾಗಲೇಬೇಕು. ಅಲ್ಲಿ ಬೆಸೆಯಬೇಕಾದದ್ದು ನಿಜವಾದ ಲೋಹವನ್ನೇ.

ಈ ಭಾಗದ ಯುವಕರಿಗೆ ಇದು ಬದುಕಿನ ಪ್ರಶ್ನೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ತಂದಿತು. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಆ ಮೀಸಲಾತಿ ನಡೆಯದು, ಅಲ್ಲಿ ಕೇಳುವುದು ಕೈಕಸುಬನ್ನು. ಹೊಲವನ್ನು ಗಣಿಗೆ ಕೊಟ್ಟ ಮನೆಯ ಹುಡುಗ ಸಿಮೆಂಟ್ ಚೀಲ ಹೊರಬೇಕೋ, ಕಿಲ್ನ್ ಬೆಸೆಯಬೇಕೋ ಎಂಬುದು ಅವನಿಗೆ ಸಿಗುವ ಅಭ್ಯಾಸದ ಮೇಲೆ ನಿಂತಿದೆ. ಮಗ ಎಷ್ಟು ಸಲ ತಪ್ಪಿದರೂ ಕುಲುಮೆಯ ಅಪ್ಪ ಮತ್ತೆ ಇಕ್ಕುಳ ಕೊಡುತ್ತಿದ್ದ. ಐಟಿಐ ಮೆಟ್ಟಿಲು ಹತ್ತುವ ಬಡ ಹುಡುಗನಿಗೂ ತಪ್ಪಲು ಅಷ್ಟೇ ಅವಕಾಶ ಸಿಗುವುದಾದರೆ, ಹೊಸ ಯಂತ್ರಕ್ಕೆ ಹಾಕಿದ ಹಣ ಸಾರ್ಥಕ.