ಮಹಾಕ್ಷೋಭವೂ ಝಿಲಿಯನ್ನೂ: ಹುಸಿಸಂಖ್ಯೆಯ ಗುರುತು ಯಾವುದು?

ಇಂಗ್ಲಿಷಿನ ಝಿಲಿಯನ್, ಅಂಪ್ಟೀನ್‌ಗಳು ಸಂಖ್ಯೆಯ ವೇಷ ತೊಟ್ಟ ಪದಗಳು. ಅವಕ್ಕೆ ಗೊತ್ತಾದ ಬೆಲೆಯಿಲ್ಲ. ಮಾನವಶಾಸ್ತ್ರಜ್ಞ ಸ್ಟೀಫನ್ ಕ್ರಿಸೊಮಾಲಿಸ್ 2016ರಲ್ಲಿ ಇವನ್ನು ಅನಿರ್ದಿಷ್ಟ ಉತ್ಪ್ರೇಕ್ಷಾಸಂಖ್ಯೆಗಳೆಂದು ವಿವೇಚಿಸಿದ್ದಾರೆ. ಆ ವರ್ಗೀಕರಣ ಸರಿಯೇ. ಆದರೆ ಕಟ್ಟಿದ ಪದವಾದ ಮಾತ್ರಕ್ಕೆ ಅದು ಹುಸಿಸಂಖ್ಯೆ ಎನ್ನಲಾದೀತೆ? ಈ ಪ್ರಶ್ನೆಗೆ ಸೇಡಂ ತಾಲೂಕಿನ ಮಳಖೇಡದ ನಂಟಿರುವ ಒಂದು ಗ್ರಂಥ ಬೇರೆಯೇ ಉತ್ತರ ಕೊಡುತ್ತದೆ.

ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿಯೇ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರಲ್ಲಿ 'ಗಣಿತಸಾರಸಂಗ್ರಹ'ವನ್ನು ಆರಂಭಿಸುತ್ತಾನೆ. ಅಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿವೆ. ಖರ್ವ, ಪದ್ಮ, ಶಂಖಗಳು ಬೇರೆ ಪಟ್ಟಿಗಳಲ್ಲೂ ಸಿಗುವ ಹಳೆಯ ಹೆಸರುಗಳು. ಕುತೂಹಲ ಹುಟ್ಟಿಸುವುದು 17ನೆಯ ಸ್ಥಾನದ ಕ್ಷೋಣಿ, 21ನೆಯ ಸ್ಥಾನದ ಕ್ಷಿತಿ. ಎರಡಕ್ಕೂ ಭೂಮಿ ಎಂದೇ ಅರ್ಥ! ಭೂಮಿಗಿಂತ ಭೂಮಿ ಹತ್ತು ಸಾವಿರ ಪಾಲು ದೊಡ್ಡದಾದದ್ದು ಹೇಗೆ? ಖರ್ವದಿಂದ ಮುಂದೆ ಪ್ರತಿ ಹೆಸರಿಗೂ 'ಮಹಾ' ಜೋಡಿಸಿ ಮುಂದಿನ ಮೆಟ್ಟಿಲು ಕಟ್ಟಿರುವುದನ್ನೂ ನೋಡಿದರೆ, ಪಟ್ಟಿಯ ಈ ತುದಿಯಾದರೂ ಬೇಕೆಂದು ಕಟ್ಟಿದ್ದು ಎನಿಸುತ್ತದೆ. ಕಟ್ಟಿದವನು ಮಹಾವೀರನೇ ಎನ್ನಲಾರೆ. ಹಿಂದಿನವರಿಂದ ಬಂದಿದ್ದರೂ ಬಂದಿರಬಹುದು. ಸಮಾನಾರ್ಥಕ ಪದಗಳು ಛಂದಸ್ಸಿನ ಅನುಕೂಲಕ್ಕೆ ಬಂದವು ಎಂಬ ಆಕ್ಷೇಪಕ್ಕೂ ಎಡೆಯಿದೆ. ಇಷ್ಟು ಎಚ್ಚರದೊಂದಿಗೆ ಹೇಳುವುದಾದರೆ, ಹೆಸರು ಹುಟ್ಟಿಸುವ ಯುಕ್ತಿಯಲ್ಲಿ ಮಹಾಕ್ಷೋಭಕ್ಕೂ ಝಿಲಿಯನ್‌ಗೂ ದೂರವಿಲ್ಲ: ಎರಡೂ ಇದ್ದ ಅಚ್ಚಿನಲ್ಲೇ ಎರಕ ಹೊಯ್ದವು. ಬೇರೆಯಾಗುವುದು ಬೆಲೆಯಲ್ಲಿ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ, ಹೆಚ್ಚಿಲ್ಲ, ಕಡಿಮೆಯಿಲ್ಲ. 12345654321ನ್ನು ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆಯೆಂದು ಬಣ್ಣಿಸುವ ಈ ಗಣಿತಜ್ಞನಿಗೆ ಆಟವೂ ಲೆಕ್ಕದೊಳಗಿನದೇ.

ಹಾಗಾದರೆ ಕನ್ನಡದ ಹುಸಿಸಂಖ್ಯೆ ಎಲ್ಲಿದೆ? ಮೆಟ್ಟಿಲುಗಳಲ್ಲಲ್ಲ, ಜೋಡಣೆಯಲ್ಲಿ. 'ಹತ್ತೆಂಟು ಸಲ ಹೇಳಿದೆ' ಎಂದವರನ್ನು ಎಷ್ಟು ಸಲ ಎಂದು ಯಾರೂ ಕೇಳುವುದಿಲ್ಲ. 'ನೂರೆಂಟು ತಕರಾರು' ಎಂಬಲ್ಲಿ ಜಪಮಾಲೆಯ ಸಂಖ್ಯೆಯೇ ಗೊಣಗಾಟಕ್ಕಿಳಿದಿದೆ. ಎಲ್ಲಕ್ಕಿಂತ ಸೊಗಸಾದದ್ದು ಕಥೆಗಳ 'ಛಪ್ಪನ್ನೈವತ್ತಾರು ದೇಶ': ಪ್ರಾಕೃತ ಮೂಲದ ಐವತ್ತಾರಿಗೆ ಕನ್ನಡದ ಐವತ್ತಾರನ್ನೇ ಹೊಸೆದ ಪದ. ಕೂಡಿದರೆ 112 ಆಗದು, 56 ಆಗಿಯೂ ಉಳಿಯದು. ಇಲ್ಲಿ ಹೊಸ ಪದ ಹುಟ್ಟಿದೆ. ಅದರ ಒಡಲಲ್ಲಿರುವ ಎರಡೂ ಸಂಖ್ಯೆಗಳು ಮಾತ್ರ ಅಸಲಿ.

ದೊಡ್ಡ ಸ್ಥಾನಗಳಿಗೆಲ್ಲ ಬೆಲೆ ನಿಗದಿಯಾಗಿದ್ದರಿಂದಲೇ ಕನ್ನಡದ ನಗೆ ಸಣ್ಣ ಸಂಖ್ಯೆಗಳತ್ತ ಹೊರಳಿತೆಂದು ವಾದಿಸುವ ಆಸೆಯಾಗುತ್ತದೆ. ಆದರೆ ಶಾಸ್ತ್ರಗ್ರಂಥದ ಪಟ್ಟಿಗೂ ಸಂತೆಯ ಮಾತಿಗೂ ನಡುವೆ ದಾರಿಯಿತ್ತೆಂದು ತೋರಿಸದೆ ಆ ವಾದ ನಿಲ್ಲದು. ಕೋಟಿಯಿಂದಾಚೆಯ ಹೆಸರುಗಳು ಶಾಸನಗಳ ದಾನದ ಲೆಕ್ಕದಲ್ಲಿ ಎಲ್ಲಿಯಾದರೂ ಬಳಕೆಯಾಗಿವೆಯೇ ಎಂಬುದನ್ನು ಮೊದಲು ಹುಡುಕಬೇಕು.