ರೆಸಿಡೆಂಟ್ ಡಾಕ್ಟರ ನಿದ್ದೆಗೆಟ್ಟ ಚರಿತ್ರೆ

ಅಪಘಾತದ ಸುದ್ದಿಗೆಂದು ರಾತ್ರಿ ಹನ್ನೊಂದಕ್ಕೆ ಜಿಲ್ಲಾಸ್ಪತ್ರೆಗೆ ಹೋದರೆ ಗಾಯಾಳುಗಳ ವಿವರ ಕೊಡುವುದು ಹೌಸ್ ಸರ್ಜನ್. ಮರುದಿನ ಮಧ್ಯಾಹ್ನ ಮತ್ತೆ ಹೋದರೂ ಅದೇ ಮೇಜು, ಅದೇ ಮುಖ. 'ಮನೆಗೆ ಹೋಗ್ಲಿಲ್ವಾ ಡಾಕ್ಟ್ರೇ?' ಎಂದರೆ ನಗುತ್ತಾರೆ ಅಷ್ಟೆ. ಈ ಪದ್ಧತಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋದ ನಾವು ತಲುಪಿದ್ದು ಅಮೆರಿಕದ ಬಾಲ್ಟಿಮೋರ್‌ಗೆ.

1889ರಲ್ಲಿ ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಅಲ್ಲಿನ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ರೂಪಿಸಿದ ತರಬೇತಿಯಲ್ಲಿ ಕಲಿಯುವ ವೈದ್ಯರು ಆಸ್ಪತ್ರೆಯಲ್ಲೇ ಇರಬೇಕಿತ್ತು, ಹಗಲೂ ರಾತ್ರಿಯೂ. 'ರೆಸಿಡೆಂಟ್' ಎಂದರೆ ಅಲ್ಲೇ ವಾಸವಿರುವವ ಎಂದೇ ಅರ್ಥ. ಹಾಲ್‌ಸ್ಟೆಡ್ ಅರಿವಳಿಕೆಗಾಗಿ ಕೊಕೇನನ್ನು ತನ್ನ ಮೇಲೇ ಪ್ರಯೋಗಿಸಿಕೊಂಡು ಅದರ ದಾಸನಾದವನು, ಆಮೇಲೆ ಮಾರ್ಫಿನ್‌ಗೂ. ಮಾರ್ಫಿನ್ ಗುಟ್ಟು ಅವನ ಸಹೋದ್ಯೋಗಿ ವಿಲಿಯಂ ಆಸ್ಲರ್‌ಗೆ ಗೊತ್ತಿತ್ತು, ಆದರೆ ಆಸ್ಲರ್ ಬರೆದಿಟ್ಟದ್ದು ಹೊರಬಂದದ್ದು 1969ರಲ್ಲಿ. ಅಂಥವನು ಹಾಕಿಕೊಟ್ಟ ದಾರಿಯನ್ನೇ ಮುಂದಿನ ತಲೆಮಾರುಗಳು ಶಿಸ್ತು ಎಂದು ಕರೆದವು.

ಪ್ರಶ್ನೆ ಕೇಳಿದ್ದು ಒಬ್ಬ ಪತ್ರಕರ್ತ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗೆ ಜ್ವರವೆಂದು ದಾಖಲಾದ 18 ವರ್ಷದ ಲಿಬ್ಬಿ ಜಯಾನ್ ಬೆಳಗಾಗುವುದರೊಳಗೆ ತೀರಿಕೊಂಡಳು. ಅವಳನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ವೈದ್ಯರು. ವಕೀಲನೂ ಆಗಿದ್ದ ತಂದೆ ಸಿಡ್ನಿ ಜಯಾನ್ ಸುಮ್ಮನಾಗಲಿಲ್ಲ. ಗ್ರ್ಯಾಂಡ್ ಜ್ಯೂರಿ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸದೆ, ವ್ಯವಸ್ಥೆಯತ್ತ ಬೆರಳು ತೋರಿಸಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ ಎಂಬ ಮಿತಿ ಹಾಕಿತು. 80 ಗಂಟೆಯೇ ರಿಯಾಯಿತಿ ಅನ್ನುವಾಗ ಮುಂಚೆ ಎಷ್ಟಿತ್ತೋ ಊಹಿಸಿ. 2003ರಲ್ಲಿ 80 ಗಂಟೆಯ ಮಿತಿ ಇಡೀ ದೇಶಕ್ಕೆ ಬಂತು.

ಆವರೆಗೂ ಚರ್ಚೆ ಬಹುಪಾಲು ರೋಗಿಯ ಸುರಕ್ಷತೆಯದ್ದೇ. 2005ರಲ್ಲಿ 2,737 ಇಂಟರ್ನ್‌ಗಳನ್ನು ಒಳಗೊಂಡ ಅಧ್ಯಯನವೊಂದು ಡಾಕ್ಟರ ಜೀವದ ಲೆಕ್ಕ ಹಿಡಿಯಿತು: 24 ಗಂಟೆ ಮೀರಿದ ಪಾಳಿ ಮುಗಿಸಿ ಕಾರು ಓಡಿಸುವಾಗ ಅಪಘಾತದ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು.

ನಮ್ಮಲ್ಲಿ ನಿಯಮ ಇಲ್ಲದೇ ಇಲ್ಲ. 1992ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದೆ: ಕಿರಿಯ ರೆಸಿಡೆಂಟರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದು ಸಲಕ್ಕೆ 12 ಗಂಟೆ ಮೀರಬಾರದು. 'ಸಾಮಾನ್ಯವಾಗಿ' ಅನ್ನುವ ಆ ಒಂದು ಪದದ ಸಂದಿಯಲ್ಲಿ ಮೂವತ್ತು ವರ್ಷ ನುಸುಳಿಹೋಗಿದೆ.

2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ತುಸು ಮಲಗಲೆಂದು ಸೆಮಿನಾರ್ ಹಾಲ್‌ಗೆ ಹೋದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಕೊಲೆ ಮಾಡಲಾಯಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಾಗ 36 ಗಂಟೆಯ ಪಾಳಿಯ ಮಾತೂ, ವಿಶ್ರಾಂತಿ ಕೊಠಡಿಯಿಲ್ಲದ ಮಾತೂ ಬಂತು. ಆ ವಾರ ನಮ್ಮೂರಲ್ಲೂ ವೈದ್ಯರು ಒಪಿಡಿ ಬಂದ್ ಮಾಡಿ ಕೂತಿದ್ದರು. ನಾವು ಕಳಿಸಿದ ವರದಿಯಲ್ಲಿ ಸಿಸಿಟಿವಿ, ಸೆಕ್ಯುರಿಟಿ ಗಾರ್ಡ್ ಬೇಡಿಕೆಗಳು ಅಚ್ಚಾದವು. ಪಾಳಿಯ ಗಂಟೆಗಳ ಬಗ್ಗೆ ಕೊನೆಯಲ್ಲಿ ಬರೆದಿದ್ದ ಎರಡು ಸಾಲು, ಜಾಗ ಸಾಲದೆಂದು ಡೆಸ್ಕಿನಲ್ಲೇ ಹಾರಿಹೋದವು.